ಸತ್ತ ಮೇಲೆ ಕೊಟ್ಟ ರಕ್ತ

"ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ! ನಿನ್ನ ಪತ್ತೇದಾರಿಕಿ ಎಲ್ಲಾ ಬೈಲಹೊಂಗಲದಾಗ ಇಟಗೋ, ನನ್ನ ಮನ್ಯಾಗ ಬ್ಯಾಡ."

ಕಾಡವ್ವ ಗುಳಿಗೆಯ ಬಾಟಲಿಯನ್ನು ತಮ್ಮನ ಕೈಯಿಂದ ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಯೇ ಬಿಟ್ಟಳು. ಅರವತ್ತೆರಡು ದಾಟಿದ ಹೆಂಗಸಿನ ಕೈಯಲ್ಲಿ ಅಷ್ಟು ಚುರುಕು! ಮಲಕಾಜಪ್ಪನಿಗೆ ಸಿಟ್ಟೂ ಬಂತು, ಒಳಗೊಳಗೆ ಹಿಗ್ಗೂ ಆಯಿತು. ಹೋದ ವರ್ಷ ಇದೇ ಅಕ್ಕ ಹೊಸ್ತಿಲು ದಾಟಬೇಕಾದರೆ ಬಾಗಿಲ ಚೌಕಟ್ಟು ಹಿಡಿದು ಮೂರು ಸಲ ದೇವಿ ಎಲ್ಲವ್ವನನ್ನು ಕೂಗುತ್ತಿದ್ದಳೆಂದು ಅವನು ಕೇಳಿದ್ದ.

"ಅಕ್ಕಾ, ಕೆಂಪವ್ವ ಸತ್ತಾಳ."

"ಸತ್ತಾಳ. ಆಕಿಗೆ ಕಾಮಣಿ ಆಗಿತ್ತು, ಮೈಯೆಲ್ಲಾ ಹಳದಿ ಆಗಿತ್ತು. ಕಾಮಣಿ ಆದವರು ನಿನ್ನ ಕೇಳಿ ಸಾಯಬೇಕೇನ?"

"ಆಕಿನೂ ಇದ ಗುಳಗಿ ನುಂಗತಿದ್ಲು."

"ನಾನೂ ನುಂಗತೇನಿ. ಸತ್ತೇನೇನ? ನೋಡಿಲ್ಲಿ!"

ಹೇಳಿದವಳೇ ಕಾಡವ್ವ ನಡುಮನೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. ಗೋಡೆ ಹಿಡಿಯದೆ, ಮೊಣಕಾಲ ಮೇಲೆ ಕೈ ಊರದೆ ಎದ್ದು ನಿಂತಳು. ಎದ್ದು ತಮ್ಮನ ಮುಖ ನೋಡಿ ಮೂಗು ಮುರಿದಳು. ಮಲಕಾಜಪ್ಪ ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ನೋಡಿ ನೋಡಿ ಕಣ್ಣು ಸವೆಸಿದವನು. ನಿವೃತ್ತಿಯ ಮೇಲೆ ವಿಮಾ ಕಂಪನಿಯವರ ಪರವಾಗಿ ಸಾವುಗಳ ಬೆನ್ನು ಹತ್ತಿ ಓಡಾಡುತ್ತಿದ್ದ. ಎಂಥೆಂಥ ಕಳ್ಳರ ಬಾಯಿ ಬಿಡಿಸಿದವನಿಗೆ ಈ ಅಕ್ಕನ ಹಟ ಮಾತ್ರ ಬಗ್ಗುತ್ತಿರಲಿಲ್ಲ.

ಹೊಸದಾಗಿ ಓದುವವರಿಗೆ ಒಂದೇ ಮಾತು. ಮುಂಬೈಯ ಕಂಪನಿಯೊಂದು ಮೊಣಕಾಲು ನೋವಿಗೆ ಹೊಸ ಗುಳಿಗೆ ಮಾಡಿತ್ತು, ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಸವದತ್ತಿಯ ಡಾಕ್ಟರ್ ಮಹಾಂತಪ್ಪನವರು ಈ ಚಚಡಿ ಹಳ್ಳಿಯ ಎಂಟು ಹೆಂಗಸರನ್ನು ಆರಿಸಿದ್ದರು, ಅವರಲ್ಲೊಬ್ಬಳು ಸತ್ತಳು.

ವಿಮಾ ಕಂಪನಿ ಅವನಿಗೆ ಕೇಳಿದ ಪ್ರಶ್ನೆಯೂ ಒಂದೇ. ಕೆಂಪವ್ವ ಗುಳಿಗೆಯಿಂದ ಸತ್ತಳೋ, ತನ್ನ ಹಣೆಬರಹದಿಂದ ಸತ್ತಳೋ? ಆದರೆ ಉಳಿದ ಏಳು ಮಂದಿಯಲ್ಲಿ ಒಬ್ಬಳು ತನ್ನ ಒಡಹುಟ್ಟಿದ ಅಕ್ಕ ಎಂದು ಗೊತ್ತಾದ ದಿನದಿಂದ ಮಲಕಾಜಪ್ಪನಿಗೆ ನೆಟ್ಟಗೆ ನಿದ್ದೆಯಿಲ್ಲ. ಇವತ್ತು ಶನಿವಾರ. ಸೋಮವಾರದಿಂದ ಎಲ್ಲರಿಗೂ ಒಂದು ಗುಳಿಗೆಯ ಬದಲು ಎರಡು. ಯಾಕೆಂದರೆ ರಕ್ತದ ರಿಪೋರ್ಟುಗಳ ಪ್ರಕಾರ ಯಾರ ಲಿವರಿಗೂ ಏನೂ ಆಗಿಲ್ಲ.

"ಅಕ್ಕಾ, ಸೋಮವಾರ ಒಂದ ದಿನ ತಡಿ. ಕೈ ಮುಗಿತೇನಿ."

"ನಾಕ ವರ್ಷ ನಾ ಹಾಸಿಗ್ಯಾಗ ಹೊರಳಾಡೂ ಮುಂದ ಬಂದು ಕೈ ಮುಗಿದ್ಯೇನ? ಈಗ ಬಂದಿ."

ಅದು ನಾಟಿತು. ಹೌದು, ಬಂದಿರಲಿಲ್ಲ. ಮಲಕಾಜಪ್ಪ ತಲೆ ತಗ್ಗಿಸಿ ಚೀಲದಿಂದ ರಿಪೋರ್ಟುಗಳ ಕಟ್ಟು ತೆಗೆದ.

ಅಷ್ಟರಲ್ಲಿ ಪಕ್ಕದ ಮನೆಯ ಸೋಮವ್ವ ಬಾಗಿಲಲ್ಲಿ ಇಣುಕಿದಳು. ಅವಳೂ ಎಂಟರಲ್ಲಿ ಒಬ್ಬಳು. ಕರೆಯದೆಯೇ ಒಳಗೆ ಬಂದು ಕುಳಿತಳು.

"ಸೋಮವ್ವಾ, ಹದಿನೈದು ದಿನಕ್ಕೊಮ್ಮೆ ಮಂಗಳವಾರ ನರ್ಸ್ ಶಬನಮ್ ಬಂದು ರಕ್ತ ತಗೊಂತಾಳಲ್ಲ, ಆವಾಗ ಕೆಂಪವ್ವ ಹೆಂಗಿದ್ಲು?"

"ಮಂಗಳಾರ?" ಸೋಮವ್ವ ಗದ್ದಕ್ಕೆ ಕೈ ಹಚ್ಚಿದಳು. "ಮಂಗಳಾರ ಯಾರ ಸೂಜಿ ಚುಚ್ಚಿಸಿಗೊಂತಾರೋ ಎಪ್ಪಾ! ಎಲ್ಲವ್ವನ ವಾರ. ನಮ್ಮ ಓಣ್ಯಾಗ ಹೆಂಗಸರು ಎಲ್ಲಾರೂ ವಾರ ಹಿಡದೇವಿ. ಹರದ ಕುಪ್ಪಸಾ ಹೊಲ್ಯಾಕೂ ಆವತ್ತ ನಾವು ಸೂಜಿ ಮುಟ್ಟೂದಿಲ್ಲ. ಇನ್ನ ಮೈಯಾಗಿನ ರಕ್ತ ತೆಗಸ್ತೇವೇನ?"

ಮಲಕಾಜಪ್ಪನ ಕಿವಿ ನೆಟ್ಟಗಾದವು.

"ಮತ್ತ ಯಾವಾಗ ಕೊಟ್ರಿ?"

"ಮೊದಲ ಒಂದ ಸರ್ತಿ, ಬುಧವಾರ. ಆಮ್ಯಾಲ ಆ ಹುಡುಗಿ ಕೇಳಿದ್ದ ಇಲ್ಲ..."

"ಸೋಮವ್ವಾ!" ಕಾಡವ್ವ ನಡುವೆ ಬಾಯಿ ಹಾಕಿದಳು. "ನಿನ್ನ ಎಮ್ಮಿ ಹಗ್ಗ ಹರಕೊಂಡಂಗ ಐತಿ. ನೋಡ ಹೋಗ."

ಸೋಮವ್ವ ಗಾಬರಿಯಾಗಿ ಎದ್ದು ಓಡಿದಳು. ಸ್ವಲ್ಪ ಹೊತ್ತಿನ ಮೇಲೆ ಮಲಕಾಜಪ್ಪ ಹೊರಗೆ ಬಂದಾಗ ಎಮ್ಮೆ ಗೂಟದ ಹತ್ತಿರ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಅಕ್ಕನಿಗೆ ತನ್ನ ಮೇಲೆ ಇನ್ನೂ ಸಿಟ್ಟಿದೆ, ಮಾತು ಬೆಳೆಸುವುದು ಬೇಡವಾಗಿದೆ ಎಂದುಕೊಂಡು ಅವನು ಬಸ್ಸಿಗೆ ನಡೆದ.

ಆಗಸ್ಟ್ ತಿಂಗಳ ಕೊನೆ. ಆಕಾಶ ಬೂದಿ ಬಣ್ಣಕ್ಕೆ ತಿರುಗಿ ಕುಳಿತಿತ್ತು, ಮಳೆ ಮಾತ್ರ ಬರುತ್ತಿರಲಿಲ್ಲ. ಸವದತ್ತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಕಾಜಪ್ಪ ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡ. ಇದುವರೆಗೆ ಅವನು ನೋಡಿದ್ದು ಕೆಂಪವ್ವನ ರಿಪೋರ್ಟುಗಳನ್ನು ಮಾತ್ರ. ಅವಳದೊಂದು ಕಾಗದವೇ ಅವನ ತಲೆ ತಿನ್ನುತ್ತಿತ್ತು.

ಕೆಂಪವ್ವ ಸತ್ತದ್ದು ಮುನವಳ್ಳಿಯ ಮಗಳ ಮನೆಯಲ್ಲಿ, ಆಗಸ್ಟ್ ಎಂಟು, ಭಾನುವಾರ. ಕಣ್ಣು, ಉಗುರು, ಅಂಗೈ ಎಲ್ಲ ಅರಿಸಿನವಾಗಿತ್ತೆಂದು ಮಗಳು ಅತ್ತುಕೊಂಡು ಹೇಳಿದ್ದಳು. ಸೋಮವಾರ ಮಣ್ಣು ಮಾಡಿದರು. ಕಾಗದದ ಪ್ರಕಾರ ಆಗಸ್ಟ್ ಹತ್ತು, ಮಂಗಳವಾರ, ಕೆಂಪವ್ವ ರಕ್ತ ಕೊಟ್ಟಿದ್ದಾಳೆ. ಲಿವರಿನ ಅಂಕಿ ಇಪ್ಪತ್ತೆಂಟು. ನಲವತ್ತರೊಳಗಿದ್ದರೆ ಒಳ್ಳೆಯದು. ಮಣ್ಣಿನೊಳಗೆ ಹೋದವಳ ಲಿವರು ಬಲು ಚೆನ್ನಾಗಿದೆ!

ಕೆಂಪವ್ವನ ಹೆಸರಿನಲ್ಲಿ ಬೇರೆ ಯಾರದೋ ರಕ್ತ ಕಳಿಸಿದ್ದಾರೆ. ಅಷ್ಟನ್ನು ಅವನು ಮೊದಲೇ ಊಹಿಸಿದ್ದ. ಈಗ ಸೋಮವ್ವನ ಮಾತು ಕೇಳಿದ ಮೇಲೆ ಎಂಟೂ ಹೆಂಗಸರ ಅದೇ ತಾರೀಖಿನ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡ.

ಲಿವರು ಇಪ್ಪತ್ತೆಂಟು. ಇಪ್ಪತ್ತೇಳು. ಇಪ್ಪತ್ತೆಂಟು. ಇಪ್ಪತ್ತೆಂಟು. ರಕ್ತದ ಬಲ, ಅಂದರೆ ಹಿಮೋಗ್ಲೋಬಿನ್, ಎಲ್ಲರದೂ ಹದಿಮೂರು. ಹೊಲದಲ್ಲಿ ಕಳೆ ತೆಗೆದು, ಉಳಿದದ್ದು ಉಂಡು ಮುದುಕಿಯರಾದ ಎಂಟು ಹೆಂಗಸರಿಗೆ ಹದಿಮೂರು! ಎಂಟು ಕೈಗಳ ಬೆರಳಚ್ಚು ಒಂದೇ ಬಂದಿದ್ದರೆ ಮಲಕಾಜಪ್ಪನಿಗೆ ಎಷ್ಟು ದಿಗಿಲಾಗುತ್ತಿತ್ತೋ ಅಷ್ಟೇ ದಿಗಿಲಾಯಿತು. ಇದು ಎಂಟು ಜನರ ರಕ್ತವಲ್ಲ. ಎಳೆಯ, ಗಟ್ಟಿಮುಟ್ಟಾದ ಒಂದೇ ಜೀವದ ರಕ್ತ. ಬೆಳಗಾವಿಯ ಲ್ಯಾಬಿನಲ್ಲಿ ಬರೀ ನಂಬರು ನೋಡುತ್ತಾರೆ, ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಪುರಸೊತ್ತು ಯಾರಿಗಿದೆ?

ಅಂದರೆ ಅಕ್ಕನ ಲಿವರು ಹೇಗಿದೆ ಎಂದು ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಯಾರದೋ ರಕ್ತ ನೋಡಿ ಅಕ್ಕನಿಗೆ ಸೋಮವಾರದಿಂದ ಎರಡೆರಡು ಗುಳಿಗೆ ನುಂಗಿಸುತ್ತಾರೆ. ಮಲಕಾಜಪ್ಪ ಕಾಗದಗಳನ್ನು ಒಟ್ಟು ಮಾಡಿ ಚೀಲಕ್ಕೆ ಹಾಕಿದ.

ಯಾರ ಕೆಲಸವಿರಬಹುದು? ಡಾಕ್ಟರ್ ಮಹಾಂತಪ್ಪನಿಗೆ ಪರೀಕ್ಷೆ ಸುಸೂತ್ರವಾಗಿ ಮುಗಿದರೆ ಹೆಸರು ಬರುತ್ತದೆ. ಕಂಪೌಂಡರ್ ಹಜರತಸಾಬನ ಕೈಯಲ್ಲಿ ಗುಳಿಗೆಯ ಕಪಾಟಿನ ಕೀಲಿ ಇದೆ, ಆದರೆ ಆ ಮನುಷ್ಯ ಚಚಡಿಯ ಕಡೆ ಕಾಲಿಟ್ಟವನೇ ಅಲ್ಲ. ಟ್ಯೂಬು ತುಂಬಿ, ಹೆಸರಿನ ಚೀಟಿ ಅಂಟಿಸಿ, ಪೆಟ್ಟಿಗೆಗೆ ಹಾಕುವವಳು ಒಬ್ಬಳೇ. ಇಪ್ಪತ್ತಾರರ ನರ್ಸ್ ಶಬನಮ್.

ಶಬನಮ್ ಡಾಕ್ಟರ್ ಮಹಾಂತಪ್ಪನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿದ್ದಳು. ಅವನನ್ನು ನೋಡಿ ಎದ್ದು ನಿಂತಳು.

"ಬರ್ರಿ ಕಾಕಾ, ಕುಂದರ್ರಿ."

ಹೇಳದೆ ಕೇಳದೆ ಬಂದವನನ್ನು ನೋಡಿ ಅವಳಿಗೆ ಆಶ್ಚರ್ಯವೇ ಆದಂತಿರಲಿಲ್ಲ. ಮಲಕಾಜಪ್ಪ ಬಾಗಿಲು ಮುಂದೆ ಮಾಡಿ ಎಂಟೂ ಕಾಗದಗಳನ್ನು ಅವಳ ಮೇಜಿನ ಮೇಲೆ ಸಾಲಾಗಿ ಇಟ್ಟ.

"ಹೆಸರ ಬ್ಯಾಡ. ಅಂಕಿ ಅಷ್ಟ ಓದು."

ಶಬನಮ್ ಓದತೊಡಗಿದಳು. ಮೂರನೆಯ ಕಾಗದಕ್ಕೆ ದನಿ ಇಳಿಯಿತು, ನಾಲ್ಕನೆಯದಕ್ಕೆ ನಿಂತೇ ಹೋಯಿತು.

"ಯಾಕ, ಬಾಯಿಗೆ ಬೀಗ ಬಿತ್ತೇನ?"

"ಕಾಕಾ, ಮಷೀನ್ ಒಮ್ಮೊಮ್ಮೆ..."

"ಮಷೀನ್ ಸುದ್ದಿ ಬಿಡ. ಹತ್ತನೇ ತಾರೀಖ ಕೆಂಪವ್ವನ ರಕ್ತ ಎಲ್ಲಿ ತಗೊಂಡಿ? ಕುಣ್ಯಾಗ ಇಳದ ತಗೊಂಡ್ಯೋ?"

ಕಟುವಾದ ಮಾತು. ಆಡಿದ ಮೇಲೆ ಅವನಿಗೇ ಕೆಟ್ಟದೆನಿಸಿತು. ಶಬನಮ್ ಬಿಳುಪೇರಿ ಕುಳಿತುಬಿಟ್ಟಳು. ಆಮೇಲೆ ಎಡಗೈಯ ತೋಳು ಮೇಲಕ್ಕೆ ಸರಿಸಿದಳು. ಮೊಣಕೈಯ ಒಳಮಗ್ಗುಲಲ್ಲಿ ಸೂಜಿಯ ಗುರುತುಗಳು. ಹಳೆಯವು ಕಪ್ಪಾಗಿದ್ದವು, ಹೊಸದೊಂದು ಇನ್ನೂ ಹಸುರುಗಟ್ಟಿತ್ತು.

"ನಂದ್ರಿ. ಎಂಟೂ ನಂದ. ಆಕಿ ಸತ್ತದ್ದು ನನಗ ಗುರುವಾರ ತಿಳೀತು. ಚೀಟಿ ಮೊದಲ ಬರದಿಟ್ಟಿದ್ನಿ."

"ಎಷ್ಟ ದಿನದಿಂದ?"

"ನಾಕ ತಿಂಗಳ. ಮೊದಲನೇದ ಒಂದ ಬಿಟ್ಟು ಎಲ್ಲಾ."

"ಯಾಕ? ಯಾಕವಾ ತಂಗಿ?"

ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು.

"ಅವರು ಮಂಗಳಾರ ಸೂಜಿ ಮುಟ್ಟಿಸಿಗೊಳ್ಳೂದಿಲ್ಲ. ಮೊದಲನೇ ಸರ್ತಿ ಬಿಟ್ರ ಬೆಳಗಾವಿಗೆ ಕಾರ್ ಹೋಗೂದು ಮಂಗಳಾರ ಒಂದ ದಿನ. ಡಾಕ್ಟರ್ ಸಾಹೇಬ್ರಿಗೆ ಹೇಳಿದ್ನಿರಿ, ಬುಧವಾರ ಕಳಸ್ರಿ ಅಂತ. ಎಲ್ಲವ್ವನ ವಾರ ಅಂತ ಮುಂಬೈದವರಿಗೆ ನಾ ಏನ ಬರೀಲಿ ಅಂದು ನಕ್ಕರು. ಹೆಂಗರ ಮಾಡು, ಎಂಟ ಟ್ಯೂಬ್ ಬೇಕು ಅಂದ್ರು."

"ಹೆಂಗರ ಮಾಡಿದಿ."

"ಆ ಹೆಂಗಸರು ನನ್ನ ಕಾಲ ಹಿಡಕೊಂಡ್ರು ಕಾಕಾ. ರಕ್ತದ ರಿಪೋರ್ಟ್ ಬರಲಿಲ್ಲಂದ್ರ ಪಟ್ಟಿಯಿಂದ ಹೆಸರ ತಗೀತಾರ, ಗುಳಗಿ ಬಂದ್. ಹಾಸಿಗಿ ಹಿಡದವರು ಎದ್ದು ನೀರ ತರಾಕ ಹತ್ತಿದ್ರು. ಕೆಂಪವ್ವ ನನ್ನ ಗಲ್ಲ ಹಿಡದು, ನನ್ನ ಕಾಲ ನೀನ ಕೊಟ್ಟಿ ಮಗಳ ಅಂತಿದ್ಲು. ನಾ ಆರಾಮದೇನಿ, ನನ್ನ ರಕ್ತ ಹೋದ್ರ ಯಾರಿಗೇನ ಹಾನಿ ಅಂದಕೊಂಡ್ನಿ."

"ಆ ರಕ್ತ ಯಾಕ ಕೇಳತಾರ ಅನ್ನೂದು ನಿನಗ ಗೊತ್ತಿರಲಿಲ್ಲೇನ?"

ಶಬನಮ್ ಅಂಗೈಯಿಂದ ಕಣ್ಣು ಒರೆಸಿಕೊಂಡಳು.

"ಗೊತ್ತಿತ್ರಿ," ಅಂದಳು. "ಹಂಗಾರ ಕೆಂಪವ್ವನ್ನ ನಾನ ಕೊಂದಂಗ ಆತೇನ್ರಿ?"

ಇಲ್ಲ ಅನ್ನಬೇಕೆಂದು ಮಲಕಾಜಪ್ಪನಿಗೆ ಅನಿಸಿತು. ಆದರೆ ಅದು ಸುಳ್ಳಾಗುತ್ತಿತ್ತು. ಕೆಂಪವ್ವನದೇ ರಕ್ತ ಹೋಗಿದ್ದರೆ ಜೂನ್ ತಿಂಗಳಲ್ಲೇ ಲಿವರಿನ ಅಂಕಿ ಏರಿದ್ದು ಕಾಣುತ್ತಿತ್ತು, ಗುಳಿಗೆ ನಿಲ್ಲುತ್ತಿತ್ತು, ಕೆಂಪವ್ವ ಇವತ್ತು ಮುನವಳ್ಳಿಯಲ್ಲಿ ಮಗಳ ಜೊತೆ ಜಗಳಾಡಿಕೊಂಡು ಇರುತ್ತಿದ್ದಳು. ಇಷ್ಟು ಒಳ್ಳೆಯ ಮನಸ್ಸಿನಿಂದ ಇಷ್ಟು ಕೆಟ್ಟದ್ದು ಆದದ್ದನ್ನು ಅವನು ತನ್ನ ನೌಕರಿಯಲ್ಲಿ ಎಂದೂ ಕಂಡಿರಲಿಲ್ಲ.

"ಇವತ್ತ ಡಾಕ್ಟರ್ ಮುಂದ ಇದನ್ನ ಹೇಳಬೇಕ ನೀನು. ಸೋಮವಾರದ ಗುಳಗಿ ನಿಲ್ಲಬೇಕು. ನಮ್ಮಕ್ಕ ಅದಾಳ ಅದರಾಗ, ತಿಳೀತೇನ?"

"ಹೇಳತೇನ್ರಿ."

"ಇನ್ನೊಂದ ಮಾತು." ಅವನ ಕಣ್ಣು ಅವಳ ತೋಳಿನ ಮೇಲೇ ಇತ್ತು. "ನಿನ್ನ ತೋಳಿಗೆ ನೀನ ರಬ್ಬರ್ ಪಟ್ಟಿ ಕಟ್ಟಿ, ನೀನ ಚುಚ್ಚಿ, ಒಂದ ಕೈಲೆ ಎಂಟ ಟ್ಯೂಬ್ ತುಂಬಾಕ ಬರೂದಿಲ್ಲ. ಯಾರೋ ಹಿಡದಾರ. ಯಾರು?"

ಶಬನಮ್ ತೋಳು ಇಳಿಬಿಟ್ಟಳು. ಇಷ್ಟು ಹೊತ್ತು ಎಲ್ಲ ಬಿಚ್ಚಿ ಹೇಳಿದವಳು ಈಗ ಗೋಡೆ ನೋಡುತ್ತ ಕುಳಿತಳು.

"ಹಜರತಸಾಬ?"

"ಅಲ್ರಿ. ಅವರಿಗೇನೂ ಗೊತ್ತಿಲ್ಲ."

"ಡಾಕ್ಟರ?"

"ಅಲ್ಲಾ ಕಸಮ್, ಅಲ್ರಿ. ಕಾಕಾ, ಅದೊಂದ ಕೇಳಬ್ಯಾಡ್ರಿ. ಆಣಿ ಮಾಡೇನಿ."

ಆಗ ಮಲಕಾಜಪ್ಪನ ಜೇಬಿನಲ್ಲಿ ಮೊಬೈಲ್ ಬಡಿದುಕೊಂಡಿತು. ಬೆಳಗಾವಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಮುಜಫ್ಫರ. ಹಳೆಯ ಪರಿಚಯದ ಹುಡುಗ, ಹೊಸ ರಿಪೋರ್ಟು ಬಂದ ಕೂಡಲೇ ತಿಳಿಸುತ್ತೇನೆಂದು ಮಾತು ಕೊಟ್ಟಿದ್ದ. ಕೋಣೆಯಲ್ಲಿ ದನಿ ಸರಿಯಾಗಿ ಕೇಳಿಸಲಿಲ್ಲ. ಮಲಕಾಜಪ್ಪ ಕಿಟಕಿಯ ಹತ್ತಿರ ಹೋದ.

"ಕಾಕಾ, ಮೊನ್ನಿ ಮಂಗಳವಾರದ ಚಚಡಿ ಟ್ಯೂಬ್. ಎರಡೆರಡ ಸರ್ತಿ ಮಷೀನಿಗೆ ಹಾಕೇವಿ. ನಮ್ಮ ಸಾಹೇಬ್ರೂ ಗಾಬರಿ ಆಗ್ಯಾರ."

"ಏನಾತು? ಲಗೂ ಹೇಳ."

"ಲಿವರು ಆರ ನೂರಾ ಹತ್ತು. ಒಬ್ಬರದಲ್ಲ, ಏಳೂ ಮಂದೀದು. ಆ ಹೆಂಗಸರು ಏಳೂ ಮಂದಿ ಕೆಂಪವ್ವನ ಹಾದಿ ಹಿಡದಾರ ಕಾಕಾ!"

ಮಲಕಾಜಪ್ಪ ಫೋನು ಜೇಬಿಗೆ ತುರುಕಿದ. ಅಕ್ಕ! ಇನ್ನೇನು ಚಚಡಿಗೆ ಓಡಬೇಕು, ಅವಳನ್ನು ಹೊತ್ತಾದರೂ ಬೆಳಗಾವಿಗೆ ಒಯ್ಯಬೇಕು ಎಂದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೂ ಬಿಟ್ಟ. ಮೂರನೆಯ ಹೆಜ್ಜೆ ಏಳಲಿಲ್ಲ.

ಅದು ಅಕ್ಕನ ರಕ್ತವಲ್ಲ. ಏಳು ಹೆಂಗಸರ ರಕ್ತವೂ ಅಲ್ಲ.

ಅವನು ತಿರುಗಿ ನೋಡಿದ. ಶಬನಮ್ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು. ಮಬ್ಬು ಕವಿದ ಕೋಣೆಯಲ್ಲಿ ಇಷ್ಟು ಹೊತ್ತು ಅದು ಅವನಿಗೆ ಕಂಡಿರಲಿಲ್ಲ.

"ಇಲ್ಲಿ ಬಾ. ಕಿಟಕಿಗೆ ಬಾ. ಕಣ್ಣ ತೋರಸ."

ಅವಳು ಬಂದಳು. ಕಣ್ಣಿನ ಬಿಳುಪಿನಲ್ಲಿ ತಿಳಿ ಹಳದಿ ಬಣ್ಣ ಇಳಿದಿತ್ತು.

"ಆ ಗುಳಗಿ ನೀನೂ ನುಂಗತಿಯೇನ? ಖರೇ ಹೇಳ."

"ಇಲ್ರಿ! ಒಂದೂ ನುಂಗಿಲ್ಲ. ನಾ ಯಾಕ ನುಂಗಲಿ? ಯಾಕ್ರಿ, ಫೋನಿನ್ಯಾಗ ಏನಂದ್ರು?"

"ಮೈಯಾಗ ಹೆಂಗೈತಿ?"

"ಎಂಟ ದಿನ ಆತು, ಊಟ ಸೇರವಲ್ದು. ವಾಕರಿಕಿ ಬರತೈತಿ. ಏನ ಕಾಕಾ, ಹೇಳ್ರಿ!"

ಹೇಳಿದ. ಶಬನಮ್ ಮೇಜಿನ ಅಂಚು ಹಿಡಿದುಕೊಂಡಳು. ಅವಳಿಗೆ ನರ್ಸಿನ ಕೆಲಸ ಗೊತ್ತು, ಆರು ನೂರಾ ಹತ್ತು ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾರೋ ನಿನಗ ಗೊತ್ತಿಲ್ಲದಂಗ ಅದನ್ನ ತಿನಸಾಕ ಹತ್ಯಾರ. ಒಂದೊಂದಲ್ಲ, ಮುಷ್ಟಿಗಟ್ಟಲೆ. ನೆನಪ ಮಾಡಿಕೊ. ಮನಿ ಬಿಟ್ರ ನೀ ಎಲ್ಲಿ ಉಣ್ಣತಿ?"

"ಎಲ್ಲೂ ಇಲ್ರಿ. ಆಸ್ಪತ್ರ್ಯಾಗ ಚಾ ಸೈತ ಕುಡಿಯೂದಿಲ್ಲ. ಒಂದ..."

ಅವಳು ಮಾತು ನುಂಗಿದಳು. ಮಲಕಾಜಪ್ಪ ಅವಳ ಎರಡೂ ಭುಜ ಹಿಡಿದ.

"ಶಬನಮ್, ಆಣಿ ಪಾಣಿ ಎಲ್ಲಾ ಆಮ್ಯಾಲ. ನೀ ಉಳೀಬೇಕಲ್ಲವಾ! ಹೇಳು. ಎಲ್ಲಿ?"

"ಚಚಡ್ಯಾಗ್ರಿ," ಅಂದಳು. "ನಿಮ್ಮ ಅಕ್ಕಾರ ಮನ್ಯಾಗ. ಊರಿಗೆ ಹೋದಾಗೊಮ್ಮೆ ಅಲ್ಲೇ ಉಣ್ಣತೇನಿ. ನನ್ನ ತೋಳಿಗೆ ಪಟ್ಟಿ ಕಟ್ಟಾವರೂ ಅವರ. ನಿನ್ನ ರಕ್ತ ಕೊಡು ಅಂತ ಮೊದಲ ಹೇಳಿದವರೂ ಅವರ."

ಮಲಕಾಜಪ್ಪನ ಕೈ ಅವಳ ಭುಜದಿಂದ ತಾನಾಗಿಯೇ ಜಾರಿತು. ಹುಚ್ಚುಚ್ಚಾಗಿ ಮಾತಾಡಬೇಡ ಎಂದು ಗದರಿಸಬೇಕೆನಿಸಿತು. ತನ್ನನ್ನು ಎತ್ತಿ ಆಡಿಸಿದ ಅಕ್ಕ. ತಾಯಿ ಸತ್ತಾಗ ತಾನು ಉಪವಾಸವಿದ್ದು ತಮ್ಮನ ಶಾಲೆ ಬಿಡಿಸದ ಅಕ್ಕ. ಯಾಕೆ? ಈ ಹುಡುಗಿ ಬಾಯಿ ಬಿಟ್ಟರೆ ಗುಳಿಗೆ ನಿಲ್ಲುತ್ತದೆ ಅಂತಲೇ? ಒಂದು ಜೋಡಿ ಮೊಣಕಾಲಿಗಾಗಿ ಒಂದು ಜೀವವೇ? ಮುಷ್ಟಿಗಟ್ಟಲೆ ಗುಳಿಗೆ ಎಲ್ಲಿಂದ ಬಂತು, ಸತ್ತ ಕೆಂಪವ್ವನ ಬಾಟಲಿಯಿಂದಲೇ?

"ನಾ ಇಲ್ಲಿಗೆ ಬರೂದು ನಿನಗ ಮೊದಲ ಗೊತ್ತಿತ್ತಲ್ಲ. ಯಾರ ಹೇಳಿದ್ರು?"

"ಅವರ. ನೀವು ಬರೂ ಅರ್ಧ ತಾಸ ಮೊದಲ ಫೋನ್ ಮಾಡಿದ್ರು. ತಮ್ಮ ಬರತಾನ, ಏನ ಕೇಳಿದ್ರೂ ಬಾಯಿ ಬಿಡಬ್ಯಾಡ ಅಂದ್ರು." ಶಬನಮ್ ಅವನ ಮುಖವನ್ನೇ ನೋಡುತ್ತಿದ್ದಳು. "ಸಂಜೀಕ ಹುಗ್ಗಿ ಮಾಡತೇನಿ, ಒಬ್ಬಾಕಿನ ಬಾ ಅಂದ್ರು."